ಬಾವಲಿಯ ಪುಟ, ಚಿಪ್ಪಿನ ಪುಟ

ವಿನಯಾ ಟೀಚರು ನಮ್ಮ ಜಗಲಿಯಲ್ಲಿ ಕುಳಿತು ಎರಡು ದೊಡ್ಡ ಹಾಳೆಗಳನ್ನು ಅಕ್ಕಪಕ್ಕ ಹರಡಿದಾಗ ದೀಪಾವಳಿಗೆ ಇನ್ನೂ ಹದಿನಾಲ್ಕು ದಿನವಿತ್ತು. ಊರಿನಲ್ಲಿರುವ ಜೀವಿಗಳದ್ದೆಲ್ಲ ಒಂದು ದಾಖಲೆ ಆಗಬೇಕೆಂದು ಪಂಚಾಯಿತಿಯಲ್ಲಿ ಮಾತಾಗಿತ್ತು. ಮರಕ್ಕೊಂದು, ಹಕ್ಕಿಗೊಂದು, ಹಾವಿಗೊಂದು ಪುಟ. ಬರೆಯುವ ಕೆಲಸ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಈ ಬ್ರಹ್ಮಾವರದ ಹುಡುಗಿಯ ತಲೆಗೆ ಬಿದ್ದಿತ್ತು. ಅವಳು ಮೊದಲು ನನ್ನಲ್ಲಿಗೆ ಬಂದಳು.

ನಾನು ಕಲಿತದ್ದು ಎರಡನೇ ಕ್ಲಾಸು. ಆದರೆ ಹಳೆಯ ಸಂಗತಿ ಬೇಕಾದವರು ನಮ್ಮ ಜಗಲಿ ಹತ್ತದೆ ಹೋಗುವುದಿಲ್ಲ. ಯಾವ ಗದ್ದೆಯ ಗಡಿಕಲ್ಲು ಎಲ್ಲಿತ್ತು, ಯಾವ ವರ್ಷದ ನೆರೆ ಯಾರ ಮನೆಯ ಎಷ್ಟನೇ ಮೆಟ್ಟಿಲು ಮುಟ್ಟಿತು, ತೀರಿಹೋದವರಲ್ಲಿ ಯಾರು ಯಾರಿಗೆ ಏನು ಮಾತು ಕೊಟ್ಟಿದ್ದರು, ಇದೆಲ್ಲ ನನ್ನಲ್ಲಿ ಉಳಿದಿದೆ. ಗುಡ್ಡಣ್ಣ ಹೇಳಿದ ಮೇಲೆ ಮುಗಿಯಿತು ಎನ್ನುತ್ತಾರೆ. ಎಪ್ಪತ್ತನಾಲ್ಕು ವರ್ಷದಲ್ಲಿ ನಾನು ಗಳಿಸಿದ್ದು ಅದೊಂದೇ.

ಮೊದಲ ಹಾಳೆ ಬಾವಲಿಯದ್ದು. ಹೊಳೆಯ ಕಿಂಡಿ ಅಣೆಕಟ್ಟಿನ ಪಕ್ಕದ ಗೋಳಿ ಮರದಲ್ಲಿ ನೇತಾಡುತ್ತವಲ್ಲ, ಆ ದೊಡ್ಡ ಬಾವಲಿ. ಎರಡನೆಯ ಹಾಳೆ ಹೊಳೆಯ ಕಪ್ಪೆಚಿಪ್ಪಿನದ್ದು. ಉಪ್ಪು ಮುಟ್ಟದ ಮೇಲಿನ ಗುಂಡಿಯಲ್ಲಿ, ಮರಳಿನಲ್ಲಿ ಅರ್ಧ ಹೂತುಕೊಂಡು ಇರುವುದು. ಎರಡೂ ಹಾಳೆಯಲ್ಲಿ ಒಂದೇ ಥರದ ಪ್ರಶ್ನೆಗಳು, ಉತ್ತರ ಬರೆಯಲು ಒಂದೇ ಥರದ ಚೌಕಗಳು. ಎಲ್ಲಿದೆ, ಎಷ್ಟಿದೆ, ಏನು ತಿನ್ನುತ್ತದೆ, ಮರಿ ಕಂಡದ್ದು ಕಡೆಯದಾಗಿ ಯಾವಾಗ.

"ಅಜ್ಜ, ಬಾವ್ಲಿ ಮರಿ ಕಡಿಗೆ ಕಂಡದ್ ಯಾವಾಗ?" ಎಂದು ಟೀಚರು ಕೇಳಿದಳು.

"ಕಡಿಗೆ ಅಂದ್ರೆ ಎಂತ ಮಗಾ? ವರ್ಷ ವರ್ಷ ಕಾಂತೆ. ಈ ಸಲ ಶಿವರಾತ್ರಿ ಕಳ್ದ್ ಒಂದ್ ವಾರಕ್ಕೆ ಕಂಡಿದೆ."

ಒಳಗಿನಿಂದ ನನ್ನ ಹೆಂಡತಿ ಅಕ್ಕು ಕೂಗಿದಳು. "ಹೆತ್ತ್ ಮಕ್ಳ್ ಯಾವ್ ತಿಂಗ್ಳಗ್ ಹುಟ್ಟಿದ್ದ್ ಅಂತ ಕೇಣಿ ಟೀಚರೆ, ಗೊತ್ತಿಲ್ಲೆ ಅವ್ರಿಗೆ. ಬಾವ್ಲಿದ್ದಾರೆ ಗೊತ್ತಿತ್."

ಟೀಚರು ನಕ್ಕಳು. ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ಒಂದು ತಾಯಿಗೆ ವರ್ಷಕ್ಕೆ ಒಂದೇ ಮರಿ. ಅದು ತಾಯಿಯ ಎದೆ ಕಚ್ಚಿಕೊಂಡಿರುತ್ತದೆ. ತಾಯಿ ಅದನ್ನು ಹೊತ್ತೇ ಹಾರುತ್ತದೆ. ಭಾರವಾದ ಮೇಲೆ ಮರದಲ್ಲಿ ಬಿಟ್ಟು ಹೋಗಿ, ಬೆಳಗಾಗುವ ಮೊದಲು ಬಂದು ನೂರು ಮರಿಗಳ ನಡುವೆ ತನ್ನದನ್ನೇ ಹುಡುಕಿ ಹಾಲು ಕೊಡುತ್ತದೆ. ಉಪ್ಪುಂದದ ಕಡೆಯ ಗೋಳಿಹಣ್ಣು ತಿಂದು ಬಂದು ಬೀಜವನ್ನು ನಮ್ಮ ಅಂಗಳದಲ್ಲಿ ಉದುರಿಸುತ್ತದೆ. ಬೇಸಿಗೆಯ ಸುಡು ಮಧ್ಯಾಹ್ನ ಅಣೆಕಟ್ಟಿನ ನೀರಿನ ಮೇಲೆ ಹಾರಿ, ಹೊಟ್ಟೆ ಒದ್ದೆ ಮಾಡಿಕೊಂಡು, ಮರಕ್ಕೆ ಹೋಗಿ ಆ ರೋಮ ನೆಕ್ಕುತ್ತದೆ. ಅದರ ನೀರು ಕುಡಿಯುವ ಕ್ರಮ ಅದು. ಬಾವಲಿಯಿಂದ ಹರಡುತ್ತದೆಂಬ ಕೇರಳದ ಜ್ವರದ ಸುದ್ದಿ ಬಂದ ವರ್ಷ ಮರ ಕಡಿಯಬೇಕೆಂದು ಕೆಲವರು ಹೊರಟಿದ್ದರು. ನಾನು ಮೂರು ದಿನ ಬುಡದಲ್ಲಿ ಕುಳಿತಿದ್ದೆ. ಅದನ್ನೂ ಬರೆದುಕೊಂಡಳು. ಬಾವಲಿಯ ಪುಟ ತುಂಬಿ ಹಿಂಬದಿಗೂ ಹೋಯಿತು.

"ಇನ್ನ್ ಚಿಪ್ಪ್. ಅದ್ರ ಮರಿ ಕಡಿಗೆ ಯಾವಾಗ ಕಂಡದ್ ಅಜ್ಜ?"

ನಾನು ಬೆರಳು ಮಡಚಿ ವರ್ಷ ಎಣಿಸತೊಡಗಿದೆ.

ನೆನಪಿತ್ತು. ಸಣ್ಣವರಿದ್ದಾಗ ಆ ಗುಂಡಿಯಲ್ಲಿ ನಿಂತರೆ ಕಾಲ್ಬೆರಳಿನ ಸಂದಿಗೆ ಉಗುರಿನಷ್ಟು ದೊಡ್ಡ ಚಿಪ್ಪುಗಳು ಸಿಗುತ್ತಿದ್ದವು. ತಿನ್ನಲು ಅದರಲ್ಲಿ ಏನೂ ಇಲ್ಲವೆಂದು ಬಿಡುತ್ತಿದ್ದೆವು. ದೊಡ್ಡದು ಸಿಕ್ಕರೆ ಅಮ್ಮ ಅದರ ಬೆನ್ನನ್ನು ಕಲ್ಲಿಗೆ ತಿಕ್ಕಿ ತೂತು ಮಾಡಿ ಮಾವಿನಕಾಯಿಯ ಸಿಪ್ಪೆ ತೆಗೆಯಲು ಇಟ್ಟುಕೊಳ್ಳುತ್ತಿದ್ದಳು. ಸಣ್ಣ ಚಿಪ್ಪು ಕಡೆಯದಾಗಿ ಕಂಡದ್ದು ಅಣೆಕಟ್ಟಿನ ಕೆಲಸದ ವರ್ಷ. ಕಾಂಕ್ರೀಟಿಗೆಂದು ಮೇಲಿನ ಗುಂಡಿಯಿಂದ ಮರಳು ತಂದು ರಾಶಿ ಹಾಕಿದ್ದರು. ರಾಶಿಯಲ್ಲಿ ಉಗುರಿನಷ್ಟು ಚಿಪ್ಪುಗಳು ಬಿಸಿಲಿಗೆ ಬಾಯಿ ಬಿಡುತ್ತಿದ್ದವು. ಅಕ್ಕು ಅವನ್ನು ಬುಟ್ಟಿಯಲ್ಲಿ ಹೆಕ್ಕಿ ಮತ್ತೆ ನೀರಿಗೆ ಹಾಕಿ ಬಂದಿದ್ದಳು.

"ಮೂವತ್ತೊಂದ್ ವರ್ಷ ಆಯ್ತ್," ಎಂದೆ.

ಟೀಚರು ಪೆನ್ನು ಎತ್ತಿದಳು. "ಆಮೇಲೆ ಒಂದೂ ಕಾಣ್ಲಿಲ್ಯಾ?"

"ಇಲ್ಲೆ. ಇಷ್ಟ್ ದಿನ ಅದ್ ನಂಗೆ ಹೊಳೀಲೂ ಇಲ್ಲೆ ಕಾಣ್."

ಅವಳು ಎರಡು ಹಾಳೆಗಳನ್ನೂ ಮತ್ತೊಮ್ಮೆ ಅಕ್ಕಪಕ್ಕ ಇಟ್ಟು ನೋಡಿದಳು. ನಾನೂ ನೋಡಿದೆ. ಓದಲು ಬಾರದವನಿಗೂ ಕಾಣುತ್ತಿತ್ತು. ಒಂದು ಪುಟ ಕಪ್ಪಗೆ ತುಂಬಿದೆ, ಇನ್ನೊಂದು ಬೆಳ್ಳಗೆ ಉಳಿದಿದೆ. ಎರಡೂ ಒಂದೇ ಹೊಳೆಯ ನೀರು ಕುಡಿದು ಬದುಕುವುದು. ಎರಡರ ನಡುವೆ ಅರ್ಧ ಫರ್ಲಾಂಗೂ ಇಲ್ಲ.

ಆ ಭಾನುವಾರ ಇಬ್ಬರೂ ಮೇಲಿನ ಗುಂಡಿಗೆ ಇಳಿದೆವು. ನೀರು ಮೊಣಕಾಲಿಗಿತ್ತು, ತಿಳಿಯಾಗಿತ್ತು. ಟೀಚರು ಅಂಗೈಯಲ್ಲಿ ತಡವಿ ತಡವಿ ಚಿಪ್ಪುಗಳನ್ನು ಎತ್ತಿ, ನೋಡಿ, ಇದ್ದಲ್ಲೇ ಇಡುತ್ತಿದ್ದಳು. ಮಧ್ಯಾಹ್ನದವರೆಗೆ ಮೂವತ್ತೇಳು ಸಿಕ್ಕವು. ಎಲ್ಲವೂ ನನ್ನ ಅಂಗೈ ಉದ್ದದವು, ಬೆನ್ನು ಸವೆದು ಬೆಳ್ಳಗಾದವು. ಎಮ್ಮೆಯ ಕೊಂಬಿಗೆ ಬಳೆ ಬೀಳುತ್ತದಲ್ಲ, ಹಾಗೆ ಚಿಪ್ಪಿನ ಮೇಲೂ ಗೆರೆಗಳು ಬೀಳುತ್ತವೆ, ಅದರಲ್ಲಿ ವಯಸ್ಸು ಸುಮಾರಾಗಿ ಗೊತ್ತಾಗುತ್ತದೆ ಎಂದು ತೋರಿಸಿದಳು. ಎಣಿಸಿ ಎಣಿಸಿ ಸೋತಳು.

"ಎಲ್ಲ ಮುದುಕ್ರೇ ಅಜ್ಜ."

"ನನ್ ಹಾಂಗೆ ಅನ್ನ್."

"ಇದ್ರ ಮರಿ ಸುಮ್ನೆ ನೀರಿಗ್ ಬಿದ್ರೆ ಬದ್ಕುದಿಲ್ಲೆ. ಕಣ್ಣಿಗ್ ಕಾಣ್ದಷ್ಟ್ ಸಣ್ಣ ಅದ್. ಒಂದ್ ಮೀನಿನ್ ಕಿವಿರಿಗೆ ಕಚ್ಕಂಡ್ ಕೆಲವ್ ದಿನ ಇರ್ಕ್. ಮೀನ್ ಈಜ್ತಾ ಹೋತ್ತ್, ಅದೂ ಹೋತ್ತ್. ಆಮೇಲೆ ಕಳ್ಚಿ ಮರಳಿಗ್ ಬಿತ್ತ್. ಆ ಮೀನ್ ಬರದಿದ್ರೆ ಸಾವ್ರ ಮರಿ ಹಾಕಿರೂ ಒಂದೂ ಉಳಿಯುದಿಲ್ಲೆ."

"ಯಾವ ಮೀನ್?"

"ಬೇರೆ ಹೊಳಿದೆಲ್ಲ ಓದಿದೆ. ನಮ್ಮ ಹೊಳಿ ಚಿಪ್ಪಿಗೆ ಯಾವ್ ಮೀನ್ ಬೇಕ್ ಅಂತ ಯಾರೂ ಬರ್ದದ್ ಕಾಣ್ಲಿಲ್ಲೆ."

ನಾನು ಬರೆದಿರಲಿಲ್ಲ. ಆದರೆ ಕಂಡಿದ್ದೆ. ಮಳೆ ನಿಂತು, ದೀಪಾವಳಿ ಕಳೆದು, ಹೊಳೆಯ ಕೆಸರು ತಳಕ್ಕೆ ಕೂತ ಮೇಲೆ ಕೆಳಗಿನ ಅಳಿವೆಯ ಕಡೆಯಿಂದ ಒಂದು ಜಾತಿಯ ಬೆರಳುದ್ದದ ಮೀನು ಹಿಂಡು ಹಿಂಡಾಗಿ ಮೇಲೆ ಬರುತ್ತಿತ್ತು. ಹೊಳೆ ಹತ್ತಿ ಬರುವುದರಿಂದ ಹತ್ತುಮೀನು ಎನ್ನುತ್ತಿದ್ದೆವು. ಮೂರು ವಾರ, ಹೆಚ್ಚೆಂದರೆ ನಾಲ್ಕು ವಾರ. ಬಟ್ಟೆ ಅಡ್ಡ ಹಿಡಿದರೆ ಸಿಗುತ್ತಿತ್ತು. ಅದು ಮೇಲಿನ ಗುಂಡಿಗೆ ತುಂಬಾ ಹತ್ತಿದ್ದರೆ ಎರಡು ಮೂರು ವರ್ಷ ಕಳೆದು ನಮ್ಮ ಕಾಲ್ಬೆರಳಿಗೆ ಸಣ್ಣ ಚಿಪ್ಪು ಹೆಚ್ಚು ಸಿಗುತ್ತಿತ್ತು ಎಂದು ಈಗ ನೆನಪಾಯಿತು. ಆಗ ಎರಡನ್ನೂ ಸೇರಿಸಿ ನೋಡಿದವನಲ್ಲ ನಾನು.

ಇಷ್ಟನ್ನು ಹೇಳಿದೆ. ಟೀಚರು ನೀರಿನಲ್ಲೇ ನಿಂತು ಕೇಳಿದಳು. "ಅಣೆಕಟ್ಟಿಗ್ ಹಲ್ಗಿ ಹಾಕುದ್ ಯಾವಾಗ?"

"ಬಲಿಪಾಡ್ಯದ್ ಮಾರ್ನೆ ದಿನ."

"ಹಾಂಗಾರೆ ಮೀನ್ ಬಪ್ಪತಿಗೆ ಬಾಗ್ಲ್ ಹಾಕಿರ್ತ್ರಿ." ಅವಳು ಅಣೆಕಟ್ಟಿನ ಕಡೆ ನೋಡಿದಳು. "ಇದೇ ಕಾರಣ ಅಂತ ಖಂಡಿತ ಹೇಳುಕ್ ನಂಗ್ ಬತ್ತಿಲ್ಲೆ. ಒಂದೆರ್ಡ್ ವರ್ಷ ಹಲ್ಗಿ ತಡ ಮಾಡಿ ಕಾಣ್ಕ್, ಆಗಳಿಕೆ ಗೊತ್ತಾಪುದ್. ನೀರಿನ್ ಕಮಿಟಿಯರನ್ನ ಕೇಂಬನಾ? ಧನು ಸಂಕ್ರಾಂತಿವರಿಗೆ ತಡಿನಿ ಅಂತ?"

ನಾನು ಕೈಯಲ್ಲಿದ್ದ ಚಿಪ್ಪನ್ನು ಮರಳಿಗೆ ಇಟ್ಟು ದಡ ಹತ್ತಿದೆ.

ನಮ್ಮಲ್ಲಿ ಪಾಡ್ಯದ ಸಂಜೆ ಗದ್ದೆಯ ಅಂಚಿಗೆ ದೀಪ ಇಟ್ಟು ಬಲೀಂದ್ರನನ್ನು ಕೂಗಿ ಕರೆಯುತ್ತೇವೆ. ಮಾರನೆಯ ಬೆಳಿಗ್ಗೆ ಊರವರೆಲ್ಲ ಸೇರಿ ಅಣೆಕಟ್ಟಿನ ಐದು ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತೇವೆ. ಬಲೀಂದ್ರ ಬಂದು ಹೋದ ಮೇಲೆ ಹೊಳೆ ಹಿಡಿಯಬೇಕು, ಅದು ಅಜ್ಜಂದಿರ ಕಾಲದ ಕ್ರಮ. ಮೊದಲ ಹಲಗೆಗೆ ಹೂ ಇಡುತ್ತಾರೆ. ನಮ್ಮ ಊರಿನ ಮಕ್ಕಳಿಗೆಲ್ಲ ಅದು ಹಬ್ಬದ ನಾಲ್ಕನೆಯ ದಿನವೆಂದೇ ಗೊತ್ತು.

ಅಂಥ ಕ್ರಮ ಇರಲಿಲ್ಲ. ಅದನ್ನು ಮಾಡಿದವನು ನಾನು.

ಅಜ್ಜಂದಿರು ಮಣ್ಣು, ಸೊಪ್ಪು, ಬಿದಿರು ಹಾಕಿ ಕಟ್ಟ ಕಟ್ಟುತ್ತಿದ್ದದ್ದು ಧನು ತಿಂಗಳಲ್ಲಿ. ಅಷ್ಟರಲ್ಲಿ ಹತ್ತುಮೀನು ಹತ್ತಿ ಆಗಿರುತ್ತಿತ್ತು. ಕಾಂಕ್ರೀಟಿನ ಅಣೆಕಟ್ಟು ಬಂದ ಮೊದಲ ವರ್ಷ ಹಲಗೆ ಯಾವಾಗ ಹಾಕುವುದೆಂದು ಗೋಳಿ ಮರದ ಬುಡದಲ್ಲಿ ಕೂಟ ಸೇರಿತ್ತು. ಹೊಳೆಯ ಬದಿಗೆ ಎಲ್ಲರಿಗಿಂತ ತಗ್ಗಿನ ಗದ್ದೆ ನಮ್ಮದು. ಕಡಲಿನ ಭರತದ ನೀರು ಏರಿದರೆ ಉಪ್ಪು ಮೊದಲು ನುಗ್ಗುವುದು ಅಲ್ಲಿಗೆ. ಅದರಲ್ಲಿ ಅಪ್ಪಯ್ಯನ ಕಾಲದಿಂದಲೂ ಮಳೆಗಾಲದ ಒಂದು ಬೆಳೆ ಮಾತ್ರ. ಹಲಗೆ ಬೇಗ ಬಿದ್ದರೆ ನನಗೂ ಎರಡನೆಯದಾಗಿ ಸುಗ್ಗಿ ಬೆಳೆ ಬರುತ್ತಿತ್ತು. ಆ ಆಸೆ ನನಗಿತ್ತು. ನನ್ನ ಗದ್ದೆಗಾಗಿ ಬೇಗ ಹಾಕಿ ಎಂದರೆ ಯಾರು ಕೇಳುತ್ತಾರೆ? ಎದ್ದು ನಿಂತು, ಪಾಡ್ಯದ ಮಾರನೆಯ ದಿನ ಹೊಳೆ ಹಿಡಿಯುವುದು ನಮ್ಮ ಅಜ್ಜನ ಅಜ್ಜನ ಕ್ರಮ, ನಡುವೆ ಬಿಟ್ಟುಹೋಗಿತ್ತು, ಅಜ್ಜ ಸಾಯುವಾಗ ನನ್ನಲ್ಲಿ ಹೇಳಿದ್ದರು ಎಂದೆ. ಆಗಲೇ ನನ್ನ ನೆನಪಿಗೆ ಹೆಸರಿತ್ತು. ಯಾರೂ ಮರುಮಾತು ಆಡಲಿಲ್ಲ.

ಬಾವಲಿ ಮರಿಯನ್ನು ಎದೆಯಲ್ಲೇ ಇಟ್ಟುಕೊಳ್ಳುತ್ತದೆ. ಕಲ್ಲು ಹೊಡೆದರೆ ಕಿರುಚುತ್ತದೆ, ನಾಲ್ಕು ಜನ ತಲೆ ಎತ್ತಿ ನೋಡುತ್ತಾರೆ, ನನ್ನಂಥವನೊಬ್ಬ ಬುಡದಲ್ಲಿ ಕೂರುತ್ತಾನೆ. ಚಿಪ್ಪಿಗೆ ಬಾಯಿ ಎಲ್ಲಿದೆ? ಎರಡು ಬಾಗಿಲು ಮಾತ್ರ ಇದೆ. ತನ್ನ ಮರಿಯನ್ನು ದಾರಿಯಲ್ಲಿ ಹೋಗುವವರ ಕೈಗೆ ಕೊಟ್ಟು ಬದುಕುವ ಜಾತಿ ಅದು. ದಾರಿಯಲ್ಲಿ ಯಾರೂ ಹೋಗದ ಹಾಗೆ ಮಾಡಿ ಮೂವತ್ತು ವರ್ಷ ಹೂ ಇಟ್ಟಿದ್ದೇನೆ.

ಅಕ್ಕುವಿಗೆ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು, ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತ್," ಎಂದಳು.

"ಎಂತ ಗೊತ್ತಿತ್ತ್?"

"ನಿಮ್ಮ ಅಜ್ಜಯ್ಯ ಸಾಯತಿಗೆ ಮಾತೇ ನಿಂತ್ ಹೋಗಿತ್ತಲ್ದಾ. ನೀರ್ ಹಾಕದ್ದ್ ನಾನ್. ನಿಮ್ಗ್ ಯಾವಾಗ ಹೇಳಿರ್ ಅವ್ರ್?" ಮೊರ ಕೆಳಗಿಟ್ಟಳು. "ಗಂಡನ್ ಮಾತ್ ಅಂತ ಸುಮ್ನಿದ್ದೆ. ಸುಗ್ಗಿ ಅನ್ನ ಉಂಡಿದೆ ನಾನೂ."

ತಗ್ಗಿನ ಗದ್ದೆಯನ್ನು ಈಗ ಮಾಡುವುದು ನನ್ನ ತಮ್ಮನ ಮಗ ಪ್ರವೀಣ. ಅವನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಗದ್ದೆಯ ಅಂಚು ಕಡಿಯುತ್ತಿದ್ದವನು ಹಾರೆ ನೆಲಕ್ಕೆ ಊರಿ ನಿಂತ.

"ದೊಡ್ಡಪ್ಪಯ್ಯ, ಹಲ್ಗಿ ಒಂದ್ ತಿಂಗ್ಳ್ ತಡ ಆರೆ ಈ ಗದ್ದಿ ಹೋಯ್ತ್. ಗೊತ್ತಿತ್ತಲ್ದಾ ನಿಮ್ಗೆ?"

"ಗೊತ್ತಿತ್."

"ಚಿಪ್ಪಿಗಾಯಿ?"

"ಹೌದ್."

"ಬಾವ್ಲಿಗಾಯಿ ಊರಿನರ್ ಒಟ್ಟಿಗ್ ಜಗ್ಳ ಮಾಡಿರಿ, ಆಯ್ತ್. ಅದ್ ಕಣ್ಣಿಗಾರೂ ಕಾಂತಿತ್." ಅವನು ಹೊಳೆಯ ಕಡೆ ನೋಡಿದ. "ಸರಿ, ಟೀಚರೇ ಕೇಣ್ಲಿ. ನೀವ್ ಸುಳ್ಳ್ ಹೇಳದ್ದ್ ಅಂತ ಯಾಕ್ ಹೇಳ್ಕ್? ಇಷ್ಟ್ ವರ್ಷದ್ ಹೆಸ್ರ್ ಒಂದ್ ದಿನದಗ್ ತೆಗಿತ್ರ್ಯಾ?"

ಅದೇ ನನ್ನನ್ನೂ ಕುಟ್ಟುತ್ತಿತ್ತು. ಟೀಚರು ಕೇಳಿ, ಕಮಿಟಿಯವರು ಒಪ್ಪಿದರೆ, ನಾನು ಬಾಯಿ ಮುಚ್ಚಿ ಇರಬಹುದಿತ್ತು.

ಹಬ್ಬಕ್ಕೆ ಮೂರು ದಿನ ಇರುವಾಗ ನೀರಿನ ಕಮಿಟಿಯ ಕೂಟ ಸೇರಿತು. ಬೆಳಿಗ್ಗೆ ಹತ್ತು ಗಂಟೆಗೆ, ಎಂದಿನಂತೆ ಗೋಳಿ ಮರದ ಬುಡದಲ್ಲಿ. ಮೇಲೆ ಬಾವಲಿಗಳ ಗಲಾಟೆ. ಮೂಡುಮನೆಯ ಸರಸ ಕೊಡೆ ಬಿಡಿಸಿಕೊಂಡೇ ಕುಳಿತಿದ್ದಳು.

"ಹ್ವಾಯ್ ಗುಡ್ಡಣ್ಣ, ನಿಮ್ಮ ನೆಂಟ್ರಿಗ್ ಹೇಳಿನಿ, ಒಂದ್ ಗಳ್ಗಿ ಹೊಟ್ಟಿ ಕಟ್ಕಂಡಿರ್ಲಿ ಅಂತ. ಹೊಸ ಸೀರಿ ಇದ್."

ಎಲ್ಲರೂ ನಕ್ಕರು. ಕಮಿಟಿಯ ಅಧ್ಯಕ್ಷ ಭೋಜರಾಜ ಟೀಚರನ್ನು ಮಾತಾಡಿಸಿದ. ಅವಳು ನಿಧಾನವಾಗಿ, ಗೊತ್ತಿದ್ದದ್ದನ್ನು ಗೊತ್ತಿದೆ ಎಂದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿದಳು. ಕೈಯಲ್ಲಿದ್ದ ಒಂದು ಸತ್ತ ಚಿಪ್ಪನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದಳು. ಭೋಜರಾಜ ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ.

"ನೀವ್ ಹೇಳದ್ದ್ ಖರೆ ಇಕ್ಕ್ ಟೀಚರೆ. ಆರೆ ಪಾಡ್ಯದ್ ಮಾರ್ನೆ ದಿನ ಅಂಬುದ್ ನಾವ್ ಮಾಡದ್ದಲ್ಲ. ಹಿರಿಯರ್ ಕ್ರಮ. ಅದನ್ನ ಮುರುಕ್ ನಂಗೆ ಧೈರ್ಯ ಇಲ್ಲೆ. ನಾಳಿಗ್ ಊರಗೆ ಎಂತಾರೂ ಆರೆ ನನ್ ತಲಿಗ್ ಬತ್ತ್. ಬೇಕಾರೆ ಗುಡ್ಡಣ್ಣನ್ನೇ ಕೇಣಿ."

ಎಲ್ಲರೂ ನನ್ನ ಕಡೆ ತಿರುಗಿದರು. ಟೀಚರೂ ತಿರುಗಿದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ.

ನಾನು ಎದ್ದೆ. ಮೂವತ್ತೊಂದು ವರ್ಷದ ಹಿಂದೆ ನಿಂತದ್ದೂ ಅದೇ ಬೇರಿನ ಪಕ್ಕ.

"ಅದ್ ಹಿರಿಯರ್ ಕ್ರಮ ಅಲ್ಲ," ಎಂದೆ. "ನಮ್ಮ ಅಜ್ಜ ಹಾಂಗ್ ಹೇಳ್ಲಿಲ್ಲೆ. ನನ್ ಗದ್ದಿಗೆ ಉಪ್ಪ್ ಬಪ್ಪುಕಾಗ ಅಂತ ನಾ ಕಟ್ಟಿ ಹೇಳದ್ದ್. ಹಿರಿಯರ್ ಕಟ್ಟ ಕಟ್ತಿದ್ದದ್ದ್ ಧನು ತಿಂಗ್ಳಗೆ."

ಸರಸ ಕೊಡೆ ಮಡಚಿದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಆಮೇಲೆ ಹಿಂದಿನಿಂದ ಚಂದ್ರ ಎದ್ದ. ನಾಲ್ಕು ವರ್ಷದ ಹಿಂದೆ ಅವನಿಗೂ ಅವನ ದಾಯಾದಿಗಳಿಗೂ ಗಡಿಯ ತಕರಾರು ಬಂದಾಗ ಕಲ್ಲು ಎಲ್ಲಿತ್ತೆಂದು ತೀರ್ಮಾನವಾದದ್ದು ನನ್ನ ಮಾತಿನ ಮೇಲೆ. ಅವನ ಎರಡು ತೆಂಗಿನ ಮರ ಆಚೆಗೆ ಹೋಗಿದ್ದವು.

"ಗುಡ್ಡಣ್ಣ, ನಮ್ಮ ಗಡಿಕಲ್ಲ್ ತೋಡಿನ್ ಬದಿಗೆ ಇತ್ತ್ ಅಂದ್ರಿಯಲೆ. ಅದೂ ಹೀಂಗೆಯಾ?"

"ಅದ್ ಖರೆ ಚಂದ್ರ. ನಾ ಕಣ್ಣಾರೆ ಕಂಡದ್ದ್."

"ಇದನ್ನೂ ಹಾಂಗೆ ಹೇಳಿರಿ ನೀವ್, ಆವತ್ತ್."

ಗಡಿಕಲ್ಲಿನ ವಿಷಯದಲ್ಲಿ ಸತ್ಯವನ್ನೇ ಹೇಳಿದ್ದೆ, ಆದರೆ ಅದನ್ನು ನಂಬಿ ಎನ್ನುವ ಬಾಯಿಯನ್ನು ನಾನೇ ಕಳೆದುಕೊಂಡಿದ್ದೆ. ಚಂದ್ರ ಕೂರಲಿಲ್ಲ, ಗದ್ದೆಯ ಅಂಚು ಹಿಡಿದು ಹೊರಟೇ ಹೋದ.

ಭೋಜರಾಜ ಟೀಚರ ಕೈಯಿಂದ ಚಿಪ್ಪನ್ನು ಮತ್ತೆ ತೆಗೆದುಕೊಂಡ. ಕಡೆಗೆ, "ಹಾಂಗಾರೆ ಕ್ರಮ ಅಂತ ಎಂತ ಇಲ್ಲೆ. ಎರ್ಡ್ ವರ್ಷ ಧನು ಸಂಕ್ರಾಂತಿಗೆ ಹಾಕ್ವ, ಟೀಚರ್ ಹೇಳದ್ದನ್ನ ಕಾಂಬ," ಎಂದ. "ತಗ್ಗಿನ್ ಗದ್ದಿದ್ ಮಾತ್ರ ನಿಮ್ಮ ಮನಿ ಒಳಗಿಂದ್ ಮಾತ್. ಏ ಪ್ರವೀಣ, ನೀ ಎಂತ ಹೇಳ್ತೆ?"

ಪ್ರವೀಣ ನನ್ನ ಮುಖ ನೋಡಲಿಲ್ಲ. "ಹೇಳುಕೆಂತ ಇತ್ತ್," ಎಂದು ಎದ್ದು ಹೋದ.

ಪಾಡ್ಯದ ಸಂಜೆ ದೀಪ ಇಟ್ಟು ಬಲೀಂದ್ರನನ್ನು ಕರೆದೆವು. ಮಾರನೆಯ ಬೆಳಿಗ್ಗೆ ಹಲಗೆಗಳು ಶೆಡ್ಡಿನಲ್ಲೇ ಉಳಿದವು. ನಾನು ದಿನಾ ಬೆಳಿಗ್ಗೆ ಅಣೆಕಟ್ಟಿನ ಮೇಲೆ ಹೋಗಿ ಕೂರತೊಡಗಿದೆ. ಮೊದಲಾದರೆ ಆ ದಾರಿಯಲ್ಲಿ ಹೋಗುವವರು ನಿಂತು ಏನಾದರೂ ಹಳೆಯದು ಕೇಳುತ್ತಿದ್ದರು. ಈಗ ಊಟ ಆಯಿತೇ ಎಂದಷ್ಟೇ ಕೇಳಿ ಮುಂದೆ ಹೋಗುತ್ತಿದ್ದರು. ಶಂಕರನಾರಾಯಣ ಊರಿನ ಕಡೆಯವರೊಬ್ಬರು ಹಳೆಯ ಸಂಬಂಧ ಹುಡುಕಿಕೊಂಡು ಬಂದಾಗ ಅವರನ್ನು ಸರಸಳ ಅತ್ತೆಯ ಹತ್ತಿರ ಕಳಿಸಿದರಂತೆ. ಆ ಮುದುಕಿಗೆ ನೆನಪು ಅಷ್ಟಕ್ಕಷ್ಟೆ. ಇರಲಿ.

ಒಂಬತ್ತನೆಯ ದಿನ ಮೀನು ಬಂತು. ಭರತದ ನೀರಿನ ತಲೆಯಲ್ಲಿ, ಮೊದಲು ಹತ್ತಿಪ್ಪತ್ತು, ಆಮೇಲೆ ಎಣಿಸಲಾಗದಷ್ಟು. ನಡುವಿನ ಕಿಂಡಿಯಲ್ಲಿ ನೀರಿಗೆ ಎದುರಾಗಿ ಮೈ ಅಲುಗಿಸುತ್ತ ನಿಂತವು, ಜಾರಿದವು, ಮತ್ತೆ ಬಂದವು. ಕತ್ತು ನೋಯುವವರೆಗೆ ಬಗ್ಗಿ ನೋಡಿದೆ. ಟೀಚರಿಗೆ ಹೇಳಿಕಳಿಸಿದೆ. ಶಾಲೆ ಬಿಟ್ಟ ಮೇಲೆ ಬಂದು ನೋಡಿ, ಮರಿ ಹುಟ್ಟಿದರೂ ಕೈಗೆ ಸಿಗುವಷ್ಟಾಗಲು ಎರಡು ಮೂರು ವರ್ಷ ಬೇಕು ಎಂದಳು. ಬಾವಲಿಯಾದರೆ ಶಿವರಾತ್ರಿಗೆ ಉತ್ತರ ಕೊಡುತ್ತದೆ. ಚಿಪ್ಪಿನ ಉತ್ತರಕ್ಕೆ ನಾನು ಇರುತ್ತೇನೋ ಇಲ್ಲವೋ.

ಇಪ್ಪತ್ತೊಂಬತ್ತನೆಯ ದಿನ ಅಮಾವಾಸ್ಯೆಯ ಭರತಕ್ಕೆ ಉಪ್ಪು ಏರಿತು. ಹೊಳೆಯ ನೀರನ್ನು ನಾಲಿಗೆಗೆ ಮುಟ್ಟಿಸಿ ತಿಳಿದುಕೊಂಡೆ. ಪ್ರವೀಣ ಹಟಕ್ಕೆ ಬಿದ್ದು ತಗ್ಗಿನ ಗದ್ದೆಗೂ ಬೀಜ ಚೆಲ್ಲಿದ್ದ. ವಾರದೊಳಗೆ ಸಸಿಗಳ ತುದಿ ಕೆಂಪಾಯಿತು, ಆಮೇಲೆ ಬುಡವೂ. ಅಕ್ಕು ಬಡಿಸುವಾಗ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಹಾಕುತ್ತಿದ್ದಳು.

ಧನು ಸಂಕ್ರಾಂತಿಯ ಬೆಳಿಗ್ಗೆ ಹಲಗೆ ಇಳಿಸಿದರು. ಹೂವಿಲ್ಲ, ಕೂಗಿಲ್ಲ. ಚಂದ್ರನೂ ಬಂದಿದ್ದ, ಮಣ್ಣು ಹೊತ್ತ, ನಾನಿದ್ದ ಬದಿ ಬಿಟ್ಟು ಆಚೆಯಿಂದ ನಡೆದ. ಎಲ್ಲರೂ ಹೋದ ಮೇಲೆ ನಾನು ಮೇಲಿನ ಗುಂಡಿಗೆ ಹೋಗಿ ನೀರಿಗೆ ಇಳಿದೆ. ಹಳೆಯ ಚಿಪ್ಪುಗಳು ಇದ್ದಲ್ಲೇ ಇದ್ದವು, ಬಾಗಿಲನ್ನು ಕೂದಲೆಳೆಯಷ್ಟು ತೆರೆದುಕೊಂಡು. ನನ್ನ ನೆರಳು ಬಿದ್ದಾಗ ಮುಚ್ಚಿದವು. ಮೀನುಗಳು ಅವುಗಳ ಮೇಲೆ ಓಡಾಡುತ್ತಿದ್ದವು.

ಹಿಂದೆ ಹೆಜ್ಜೆ ಸದ್ದಾಯಿತು. ಪ್ರವೀಣ ದಡದಲ್ಲಿ ನಿಂತಿದ್ದ, ಕಾಲಿಗೆ ತಗ್ಗಿನ ಗದ್ದೆಯ ಕೆಸರು ಮೆತ್ತಿತ್ತು.

"ಇದೇಯಾ ಆ ಮೀನ್?"

"ಇದೇ."

"ಇಷ್ಟಾ ಹತ್ತದ್ದ್?"

"ಇಷ್ಟೇ ಅಲ್ಲ. ಇನ್ನೂ ಮೇಲ್ ಹೋಗಿತ್ತ್."

ಅವನು ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೀರು ನೋಡಿದ. ಹೊಳೆಯಾಚೆ ಯಾರೋ ದನ ಕರೆಯುತ್ತಿದ್ದರು.

"ದೊಡ್ಡಪ್ಪಯ್ಯ, ಬಪ್ಪ ವರ್ಷ ಆ ಗದ್ದಿಗೆ ಸುಗ್ಗಿ ಬಿತ್ತುದ್ ಬ್ಯಾಡ. ಮಳಿಗಾಲದ್ದ್ ಒಂದ್ ಬೆಳಿ ಸಾಕ್, ಮುಂಚಿನ್ ಹಾಂಗೆ."

ನಾನು ತಲೆಯಾಡಿಸಿದೆ. ಅವನು ಎದ್ದು, ದಡದ ಮಣ್ಣು ಜಾರುತ್ತಿದ್ದುದರಿಂದ, ನನ್ನನ್ನು ಮೇಲೆ ಹತ್ತಿಸಲು ಕೈ ಚಾಚಿದ.